ವಾಡಿಕೆಯಷ್ಟೇ ಮಳೆ

ಆ ಭಾನುವಾರವೂ ಮನೆಯಲ್ಲಿ ಮೊದಲು ಎದ್ದವಳು ನಾನೇ. ಫಿಲ್ಟರಿಗೆ ಕಾಫಿಪುಡಿ ಒತ್ತಿ, ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯಲು ಬಿಟ್ಟು ಹಾಲಿನ ಬೂತಿಗೆ ಹೋಗಿ ಬಂದೆ. ಗಲ್ಲಿಯಲ್ಲಿ ನೀರು ಇಳಿದು ಕೆಲವು ದಿನ ಕಳೆದಿದ್ದರೂ ಗೋಡೆಗಳ ಮೇಲೆ ಅದು ಬಿಟ್ಟುಹೋದ ಕಂದು ಗೆರೆ ಹಾಗೇ ಇತ್ತು. ಮೊಣಕಾಲಿನ ಎತ್ತರಕ್ಕೆ, ಮನೆಯಿಂದ ಮನೆಗೆ, ಸ್ಕೇಲು ಹಿಡಿದು ಎಳೆದಷ್ಟು ನೇರವಾಗಿ. ಮೀನಿನವನು ತನ್ನ ಅಗಲ ಪಾತ್ರೆಯನ್ನು ಎದುರುಮನೆಯ ಜಗುಲಿಯ ಮೇಲಿಟ್ಟು, ಬೀಡಿಯ ಬೆಂಕಿ ಆರದಂತೆ ಅಂಗೈ ಅಡ್ಡ ಹಿಡಿದಿದ್ದ. ಮನೆಯವರಿಗೆ ಕಾಫಿ ಕೊಟ್ಟು, ಮಗಳು ಸಹನಾಳ ಹಾಲಿಗೆ ಮುಚ್ಚಳ ಮುಚ್ಚಿಟ್ಟು, ಎಂಟೂಕಾಲರ ಸುಮಾರಿಗೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತೆ.

"ಭಾನುವಾರನೂ ಹೋಗಬೇಕೇನು?" ಇವರು ಪೇಪರಿನ ಹಿಂದಿನಿಂದಲೇ ಕೇಳಿದರು.

"ಮಳಿಗೆ ಭಾನುವಾರ ಸೋಮವಾರ ತಿಳೀತದ ಏನ್ರಿ?"

"ಸಂಜಿಗೆ ಕ್ಲಬ್ಬಿನ್ಯಾಗ ಮೀಟಿಂಗ್ ಅದ. ಅದರ ಚಿಂತಿ ಬಿಟ್ಟು ನಿಂದು ಮಳಿ ಚಿಂತಿ."

"ಎರಡೂ ಒಂದ ಅಲ್ಲೇನ್ರಿ," ಎಂದು ಚಪ್ಪಲಿ ಮೆಟ್ಟಿಕೊಂಡೆ.

ಕಾನ್ವೆಂಟು ಎರಡು ತಿರುವಿನ ಆಚೆ. ಅದರ ಹಿಂದಿನ ತೋಟದಲ್ಲಿ, ಗೋಡೆ ಮರಗಳಿಂದ ದೂರ, ಹುಲ್ಲಿನ ನಡುವೆ ಮಳೆಮಾಪಕ ನಿಂತಿತ್ತು. ಮೇಲಿನ ಕೊಳವೆಬಾಯಿ ತೆಗೆದು, ಒಳಗಿನ ಬಾಟಲಿ ಎತ್ತಿ, ಗೆರೆ ಕೊರೆದ ಅಳತೆಗಾಜಿಗೆ ನೀರು ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು. ನೀರು ಅಂಚಿನಲ್ಲಿ ಗಾಜನ್ನು ಹತ್ತಿ ನಡುವೆ ತಗ್ಗಿರುತ್ತದೆ, ತಗ್ಗಿನದೇ ಲೆಕ್ಕ. ಆ ಬೆಳಿಗ್ಗೆ ಬಾಟಲಿಯಲ್ಲಿ ಒಂದು ಸಣ್ಣ ಇರುವೆಯೂ ಒಂದಿಷ್ಟೇ ನೀರೂ ಇದ್ದವು. ಬರೆದೆ, ಇರುವೆಯನ್ನು ಹುಲ್ಲಿಗೆ ಬಿಟ್ಟೆ, ಮನೆಗೆ ಬಂದೆ.

ಈಗ ನಾವು ಧಾರವಾಡದಲ್ಲಿದ್ದೇವೆ. ಮೊನ್ನೆ ನಮ್ಮ ಪಕ್ಕದ ನಿವೇಶನದಲ್ಲಿ ಹಳೆಯ ಮನೆ ಕೆಡವಿದರು. ರಾತ್ರಿ ಮಳೆಯಾಗಿ, ಬೆಳಿಗ್ಗೆ ಕಿಟಕಿ ತೆಗೆದಾಗ ನೆನೆದ ಇಟ್ಟಿಗೆಪುಡಿ, ಸುಣ್ಣ, ಕೊಳೆತ ಮರದ ವಾಸನೆ ಒಟ್ಟಿಗೆ ಒಳಗೆ ಬಂತು. ಒಂದು ಗಳಿಗೆ ನಾನು ಎಲ್ಲಿದ್ದೇನೆ ಎಂಬುದೇ ಮರೆಯಿತು. ಕೋಲ್ಕತ್ತಾದ ಕಸಬಾದಲ್ಲಿ ನಮ್ಮ ಮನೆಯ ಹಿಂದಿನ ಕೊಳವನ್ನು ತುಂಬಿದ್ದು ಇಂಥದೇ ಕಲ್ಲುಮಣ್ಣಿನಿಂದ. ಆ ಒಂದು ಮಳೆಗಾಲ ಪೂರ್ತಿ ನಮ್ಮ ಅಡಿಗೆಮನೆಗೆ ಇದೇ ವಾಸನೆಯಿತ್ತು.

ಇವರು ರೈಲ್ವೆಯವರು. ಗಾರ್ಡನ್ ರೀಚಿನ ಕಚೇರಿಯಲ್ಲಿ ಕೆಲಸ. ಸಹನಾಳ ಶಾಲೆಗೆ ಹತ್ತಿರವೆಂದು ನಾವು ಕಸಬಾದಲ್ಲಿ ಬಾಡಿಗೆಗಿದ್ದೆವು. ಮೂರು ಅಂತಸ್ತಿನ ಹಳೆಯ ಮನೆ, ಹಸಿರು ರೆಕ್ಕೆಯ ಕಿಟಕಿಗಳು. ಒಡೆಯರಾದ ದತ್ತಬಾಬು ಮೇಲಂತಸ್ತಿನಲ್ಲಿ. ನಡುವಿನದರಲ್ಲಿ ಒಂದು ಬದಿ ನಾವು, ಇನ್ನೊಂದು ಬದಿ ಶಾಲಾಶಿಕ್ಷಕಿ ಮಿತಾದಿ. ಕೆಳಗೆ ಉಡುಪಿ ಕಡೆಯ ವಾಸುದೇವ ಭಟ್ಟರ ಅಡಿಗೆಮನೆ. ಭಟ್ಟರು ಮೊದಲು ಮದುವೆ ಮುಂಜಿಗಳಿಗೆ ಅಡಿಗೆ ಮಾಡುತ್ತಿದ್ದವರು. ಸೆಕ್ಟರ್ ಫೈವಿನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಎದ್ದ ವರ್ಷಗಳವು. ಅಲ್ಲಿ ಕಂಪ್ಯೂಟರಿನ ಮುಂದೆ ಕೂತ ಬಂಗಾಳಿ ಹುಡುಗ ಹುಡುಗಿಯರಿಗೆ ಬೆಳಿಗ್ಗೆ ಇಡ್ಲಿ ಬೇಕೆನಿಸತೊಡಗಿದ್ದು ಭಟ್ಟರ ಪುಣ್ಯ. ಬೆಳಕು ಹರಿಯುವ ಮೊದಲೇ ಅವರ ವ್ಯಾನು ಬೈಪಾಸ್ ಹಿಡಿದು ಹೊರಡುತ್ತಿತ್ತು.

ಅದೇ ಹುಡುಗ ಹುಡುಗಿಯರಿಗೆ ಫ್ಲ್ಯಾಟುಗಳೂ ಬೇಕಿದ್ದವು. ಹಾಗಾಗಿ ಆ ಚಳಿಗಾಲದಲ್ಲಿ ಒಬ್ಬ ಪ್ರೊಮೋಟರು ನಮ್ಮ ಹಿಂದಿನ ಪುಕುರಿನ ಅರ್ಧಕ್ಕೆ ಲಾರಿಗಟ್ಟಲೆ ಒಡೆದ ಇಟ್ಟಿಗೆ ಸುರಿಸಿ, ತಗಡಿನ ಬೇಲಿ ಹಾಕಿಸಿದ. ಪುಕುರೆಂದರೆ ಮನೆಗಳ ನಡುವಿನ ಕೊಳ. ಅದರಲ್ಲಿ ಬಟ್ಟೆ ಒಗೆಯುತ್ತಿದ್ದರು, ಬಾತುಗಳು ಈಜುತ್ತಿದ್ದವು, ಮಧ್ಯಾಹ್ನ ಅದರ ಬೆಳಕು ನಮ್ಮ ಮೇಲ್ಛಾವಣಿಯಲ್ಲಿ ಕುಣಿಯುತ್ತಿತ್ತು. ನಮ್ಮ ಪಾಡಾದ, ಎಂದರೆ ಕೇರಿಯ, ಮಳೆನೀರೆಲ್ಲ ಒಂದು ಸಣ್ಣ ಕಾಲುವೆಯಿಂದ ಅದಕ್ಕೇ ಇಳಿಯುತ್ತಿತ್ತು ಎಂಬುದನ್ನು ಆ ಚಳಿಗಾಲದಲ್ಲಿ ಯಾರೂ ಯೋಚಿಸಲಿಲ್ಲ. ಬೇಲಿಯ ಹಿಂದೆ ಆ ಕಾಲುವೆಯ ಬಾಯಿಯೂ ಮುಚ್ಚಿಹೋಗಿತ್ತು.

ನಾನು ಮಳೆ ಅಳೆಯತೊಡಗಿದ್ದಕ್ಕೂ ಇದಕ್ಕೂ ಮೊದಲು ಸಂಬಂಧವಿರಲಿಲ್ಲ. ಜೂನಿನಲ್ಲಿ ಪಾಲಕರ ಸಭೆಗೆ ಹೋಗಿದ್ದೆ. ಭೂಗೋಳ ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್ ಅನ್ಸಿಲಾ, ಮಂಡಿನೋವಿನಿಂದ ಬಗ್ಗಲು ಆಗುತ್ತಿಲ್ಲ, ಶಾಲೆ ಶುರುವಾದಂದಿನಿಂದ ಒಂದು ದಿನ ತಪ್ಪದೆ ಬಂದ ಮಳೆಯ ಅಳತೆ ನಿಂತುಹೋದೀತು, ಹತ್ತಿರದ ತಾಯಂದಿರು ಯಾರಾದರೂ ಬರುವಿರಾ ಎಂದು ಕೇಳಿದರು. ನನ್ನ ಕೈ ತಾನಾಗಿ ಮೇಲೆದ್ದಿತು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು ನಾನು. ಸಿಸ್ಟರ್ ಒಬ್ಬರು ಪ್ರಶ್ನೆ ಕೇಳಿದರೆ ಕೈ ಎತ್ತದಿರುವುದು ಈಗಲೂ ನನಗೆ ಬರುವುದಿಲ್ಲ.

ಸಿಸ್ಟರ್ ಹೇಳಿಕೊಟ್ಟ ನಿಯಮಗಳು ಎರಡೇ. ಮಳೆ ಬರದಿದ್ದರೆ ಸೊನ್ನೆ ಬರೆ. ನೋಡದಿದ್ದರೆ ಗೀಟು ಎಳೆ. ನೋಡದ ದಿನಕ್ಕೆ ಸೊನ್ನೆ ಬರೆದರೆ ಇಲ್ಲದ ಬರವನ್ನು ನೀನೇ ತಂದ ಹಾಗೆ. ಎರಡನೆಯದು, ಬೆಳಿಗ್ಗೆ ಎಂಟೂವರೆಗೆ ಅಳೆದದ್ದನ್ನು ಅಂದಿನ ತಾರೀಖಿಗೇ ಬರೆ, ನೀರು ನಿನ್ನೆ ಬಿದ್ದಿದ್ದರೂ ಸರಿ. ದೇಶದಲ್ಲೆಲ್ಲ ಹಾಗೆಯೇ ಎಂದರು. ನಾನು ರಿಜಿಸ್ಟರಿನಲ್ಲಿ ಬರೆದದ್ದನ್ನು ಮನೆಗೆ ಬಂದು ಅಡಿಗೆಮನೆಯ ಕ್ಯಾಲೆಂಡರಿನಲ್ಲೂ ಬರೆಯುತ್ತಿದ್ದೆ. ಭಟ್ಟರು ಊರಿನಿಂದ ತರಿಸಿಕೊಟ್ಟ ದೊಡ್ಡ ಚೌಕಗಳ ಕನ್ನಡ ಕ್ಯಾಲೆಂಡರು ಅದು. ಗ್ಯಾಸ್ ಬಂದ ದಿನ, ಹಾಲು ಒಡೆದ ದಿನ, ಏಕಾದಶಿ, ಸಹನಾಳ ಯೂನಿಟ್ ಟೆಸ್ಟು, ಇವುಗಳ ನಡುವೆ ಮಳೆಯೂ ಒಂದು ಮೂಲೆ ಹಿಡಿಯಿತು.

ಜೂನಿನಲ್ಲಿ ಬರೆದದ್ದೆಲ್ಲ ಹೆಚ್ಚಾಗಿ ಸೊನ್ನೆಗಳೇ. ಬೆವರಿಗೆ ಬಳೆಗಳು ಮುಂಗೈಗೆ ಅಂಟುತ್ತಿದ್ದವು. ಜುಲೈ ಸರಿಯಾಗಿಯೇ ನಡೆಯಿತು. ಆಗಸ್ಟಿನ ಒಂದು ಬುಧವಾರ ಸಂಜೆ ಹಿಡಿದ ಮಳೆ ಮಲಗುವ ಹೊತ್ತಿಗೂ ಬಿಡಲಿಲ್ಲ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಗಾಜಿನಂತಿತ್ತು, ಆದರೆ ಕೆಳಗಿನಿಂದ ಭಟ್ಟರ ಹೆಂಡತಿ ಶಾರದಕ್ಕನ ದನಿ ಕೇಳಿಸಿತು. ಇಳಿದು ಹೋದೆ. ಅಡಿಗೆಮನೆಯೊಳಗೆ ಕಪ್ಪು ನೀರು. ಇಡ್ಲಿ ತಟ್ಟೆಗಳು ಒಂದಕ್ಕೊಂದು ತಾಗುತ್ತ ತೇಲುತ್ತಿದ್ದವು. ಶಾರದಕ್ಕ ಸೀರೆ ಎತ್ತಿ ಕಟ್ಟಿ, ಉದ್ದಿನಹಿಟ್ಟಿನ ಪಾತ್ರೆಯನ್ನು ಮಗುವಿನಂತೆ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು.

"ಇಷ್ಟು ವರ್ಷದಲ್ಲಿ ಈ ಹೊಸ್ತಿಲು ದಾಟಿ ನೀರು ಬಂದದ್ದುಂಟಾ ಅಕ್ಕ? ಇಲ್ಲ. ಹನಿ ಬರ್ಲಿಲ್ಲ," ಎಂದರು.

ಆ ತಿಂಗಳಲ್ಲೇ ನೀರು ಮತ್ತೊಮ್ಮೆ ಬಂತು. ಎರಡನೆಯ ಸಲ ಇಳಿದಾಗ ದತ್ತಬಾಬು ಕೆಳಗೆ ಬಂದು, ಒದ್ದೆ ಗೋಡೆಗೆ ಕೈ ತಾಗದಂತೆ ನಿಂತು, ಭಟ್ಟರಿಗೆ ದುರ್ಗಾಪೂಜೆಯ ಮೊದಲು ಜಾಗ ಬಿಟ್ಟುಕೊಡಿ ಎಂದು ಹೇಳಿ ಹೋದರು. ದತ್ತಬಾಬು ಕೆಟ್ಟವರಲ್ಲ. ಅವರಿಗೆ ಬೇಸರವೇ ಆಗಿತ್ತು. ಆದರೆ ಪ್ರೊಮೋಟರಿನ ಮ್ಯಾನೇಜರು ಅವರ ಕಿವಿಯಲ್ಲಿ ಊದಿದ್ದ: ಈ ವರ್ಷದ ಮಳೆ ಲೋಕದಲ್ಲಿಲ್ಲದ ಮಳೆ, ಇನ್ನು ಮುಂದೆ ಹೀಗೆಯೇ, ಕೆಳಗಿನ ಅಂತಸ್ತು ಯಾವುದಕ್ಕೂ ಬಾರದು, ಭಟ್ಟರ ಮೂಟೆ ಕಟ್ಟಿಸಿ ಗ್ಯಾರೇಜು ಮಾಡಿ, ಉಳಿದ ಅರ್ಧ ಪುಕುರನ್ನೂ ನಾವೇ ತುಂಬಿ ನೆಲ ಎತ್ತರಿಸಿಕೊಡುತ್ತೇವೆ.

ಭಟ್ಟರು ಅಂದು ಸಂಜೆ ನಮ್ಮ ಮನೆಯ ಬಾಗಿಲಲ್ಲಿ ಕೂತರು. ಒಳಗೆ ಬನ್ನಿ ಎಂದರೂ ಕಾಲು ಕೆಸರೆಂದು ಬರಲಿಲ್ಲ.

"ಬೇರೆ ಕಡೆ ಜಾಗ ಸಿಗ್ತದೆ ಸಾರ್. ಅದಲ್ಲ. ಇಲ್ಲಿಂದ ಹೊರಟ್ರೆ ಬಿಸಿ ಇರುವಾಗಲೇ ಇಡ್ಲಿ ಮುಟ್ತದೆ. ದೂರ ಹೋದ್ರೆ ಎಂತ ಮುಟ್ತದೆ? ಕಲ್ಲು ಮುಟ್ತದೆ. ಮತ್ತೆ ಅವರು ಪಾವ್ ತಿಂತಾರೆ."

"ಮಳಿ ಜಾಸ್ತಿ ಆದ್ರ ದತ್ತಬಾಬು ಏನ ಮಾಡ್ಯಾರು ಭಟ್ರ," ಎಂದರು ಇವರು, ಸಮಾಧಾನಕ್ಕೆ.

ನಾನು ಅಡಿಗೆಮನೆಯಿಂದ ಕೇಳುತ್ತಿದ್ದೆ. ಎದುರಿಗೇ ಕ್ಯಾಲೆಂಡರು. ಮಳೆ ಜಾಸ್ತಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಯಾವುದಕ್ಕಿಂತ ಜಾಸ್ತಿ ಎಂದು ಯಾರೂ ಹೇಳುತ್ತಿಲ್ಲ. ಜಾಸ್ತಿಯಾಗಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು. ಅನ್ನಿಸಿದರೆ ಸಾಲದು, ಅಳೆದು ತೋರಿಸಬಹುದು ಎಂದೂ ಗೊತ್ತಿತ್ತು. ಮದುವೆಗೆ ಮೊದಲು ನಾನು ಓದಿದ್ದು ಸಂಖ್ಯಾಶಾಸ್ತ್ರವೇ.

ಇವರ ಕಚೇರಿಯಲ್ಲಿ ಸೇತುವೆಗಳ ವಿಭಾಗದವರಿಗೆ ಮಳೆಯ ಲೆಕ್ಕ ಬೇಕಾಗುತ್ತಿತ್ತು. ಅವರಿಂದ ಇವರು ಒಂದು ಲೇಖನದ ಜೆರಾಕ್ಸ್ ತಂದುಕೊಟ್ಟರು. ಬರವನ್ನೂ ಅತಿವೃಷ್ಟಿಯನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವ ಬಗೆ ಅದರಲ್ಲಿತ್ತು. ಒಂದು ಜಾಗದ ಒಂದು ತಿಂಗಳ ಮಳೆಯನ್ನು ವರ್ಷ ವರ್ಷಕ್ಕೂ ಸಾಲಾಗಿ ಬರೆದುಕೊಳ್ಳಬೇಕು, ವರ್ಷಗಳು ಹೆಚ್ಚಾದಷ್ಟೂ ಒಳ್ಳೆಯದು. ಮಳೆಯ ಸಾಲು ತರಗತಿಯ ಅಂಕಗಳಂತೆ ನಡುವಿನ ಎರಡೂ ಕಡೆ ಸಮವಾಗಿ ಹರಡಿರುವುದಿಲ್ಲ. ಸೊನ್ನೆಯ ಕೆಳಗೆ ಅದು ಇಳಿಯಲಾರದು, ಮೇಲೆ ಮಾತ್ರ ಎಷ್ಟಾದರೂ ಏರಬಹುದು. ಆದ್ದರಿಂದ ಮೊದಲು ಒಂದು ಸೂತ್ರದಿಂದ ಆ ಓರೆಯನ್ನು ತಿದ್ದಿಕೊಳ್ಳಬೇಕು. ಆಮೇಲೆ ಈ ವರ್ಷ ನಡುವಿನಿಂದ ಎಷ್ಟು ದೂರ ನಿಂತಿದೆ ನೋಡಬೇಕು. ಸೊನ್ನೆ ಬಂದರೆ ಸರಿಯಾಗಿ ನಡು. ಆ ಕಡೆ ಒಂದು, ಈ ಕಡೆ ಒಂದು, ಅದರೊಳಗಿದ್ದರೆ ವಾಡಿಕೆ. ಎರಡು ದಾಟಿದರೆ ಅತಿವೃಷ್ಟಿ. ಮೈನಸ್ ಎರಡಕ್ಕಿಂತ ಕೆಳಗೆ ಹೋದರೆ ಘೋರ ಬರ. ನನಗೆ ಇದರಲ್ಲಿ ಇಷ್ಟವಾದದ್ದು ಇನ್ನೊಂದು. ಬಿಜಾಪುರದ ಮೈನಸ್ ಒಂದೂ ಚಿರಾಪುಂಜಿಯ ಮೈನಸ್ ಒಂದೂ ಹೇಳುವ ಮಾತು ಒಂದೇ: ಇಲ್ಲಿಯವರ ಮನೆ, ಬಾವಿ, ಚರಂಡಿ ಯಾವುದಕ್ಕೆ ಒಗ್ಗಿಕೊಂಡಿವೆಯೋ ಅದಕ್ಕಿಂತ ಈ ಸಲ ಕಡಿಮೆ.

ಸಿಸ್ಟರ್ ಅನ್ಸಿಲಾ ಹಳೆಯ ರಿಜಿಸ್ಟರುಗಳನ್ನೆಲ್ಲ ಲೈಬ್ರರಿಯ ಮೇಜಿನ ಮೇಲೆ ಹರಡಿಸಿಕೊಟ್ಟರು. ಒಬ್ಬೊಬ್ಬ ಸಿಸ್ಟರಿನದು ಒಂದೊಂದು ಅಕ್ಷರ. ಒಬ್ಬರ ಏಳು ಅಂಕಿಗೆ ನಡುವೆ ಸಣ್ಣ ಗೀಟು, ಇನ್ನೊಬ್ಬರು ಸೊನ್ನೆಯನ್ನು ಪೂರ್ತಿ ಮುಚ್ಚುವವರೇ ಅಲ್ಲ. ನಾನು ಓದಿ ಹೇಳಿದ್ದನ್ನು ಸಂಜೆ ಸಹನಾ ಕಂಪ್ಯೂಟರಿಗೆ ಹಾಕುತ್ತಿದ್ದಳು.

"ಅಮ್ಮಾ, ಫಾರ್ಮುಲಾ ಒಂದ್ಸಲ ಹಾಕಿದ್ರೆ ಆಯ್ತು, ಡ್ರ್ಯಾಗ್ ಮಾಡಿದ್ರೆ ಎಲ್ಲಾ ಬರತ್ತೆ. ನೀನು ಯಾಕೆ ಹ್ಯಾಂಡಿಂದ ಮಾಡ್ತಿದೀಯ?"

"ನಿಂದು ಸರಿ ಅದನೋ ಇಲ್ಲೋ ನೋಡಬೇಕಲ್ಲ?"

"ಓ ಗಾಡ್," ಎಂದು ಕಣ್ಣು ಮೇಲೆ ಮಾಡಿದಳು. ಅವಳದೂ ನನ್ನದೂ ತಾಳೆಯಾಯಿತು.

ಜೂನು ಮೈನಸ್ ಒಂದರ ಆಸುಪಾಸು. ಬಿಸಿಲಿಗೆ ಬೈದದ್ದನ್ನು ಎಲ್ಲರೂ ಎಷ್ಟು ಬೇಗ ಮರೆತಿದ್ದರು! ಜುಲೈ ಸೊನ್ನೆಯ ಪಕ್ಕ. ನೀರು ನುಗ್ಗಿದ ಆಗಸ್ಟು ಸೊನ್ನೆಗಿಂತ ಸ್ವಲ್ಪ ಮೇಲೆ, ಒಂದಕ್ಕೆ ಬಹಳ ದೂರ. ಇವರು ಕನ್ನಡಕ ಏರಿಸಿ ನೋಡಿ, "ಇಷ್ಟ ಏನು? ಇದಕ್ಕ ಇಷ್ಟ ಗದ್ದಲ?" ಎಂದರು. ಮರುದಿನವೇ ಪಾಡಾದ ಕ್ಲಬ್ಬಿಗೆ ಹೋಗಿ, ಕಾರ್ಯದರ್ಶಿ ಬಾಪಿದಾಗೆ ವಿಷಯ ತಿಳಿಸಿ, ಭಾನುವಾರ ಸಂಜೆ ದತ್ತಬಾಬುವನ್ನೂ ಮ್ಯಾನೇಜರನ್ನೂ ಕರೆಸುವುದೆಂದು ಮಾಡಿ ಬಂದರು. ಕೋಲ್ಕತ್ತಾದಲ್ಲಿ ಪಾಡಾದ ಜಗಳ ಮೊದಲು ಬರುವುದು ಕ್ಲಬ್ಬಿಗೆ. ಅಲ್ಲಿ ತೀರದಿದ್ದರೆ ಮಾತ್ರ ಮುಂದಕ್ಕೆ.

"ನೀವ ಹೇಳ್ರಿ ಅಲ್ಲಿ," ಎಂದಿದ್ದೆ ಇವರಿಗೆ.

"ಅಳದಾಕಿ ನೀನು. ನಾ ಹೇಳಿದ್ರ ಎಲ್ಲೆರ ತಪ್ಪತದ."

ಕ್ಲಬ್ಬೆಂದರೆ ಒಂದೇ ಕೋಣೆ. ಗೋಡೆಗೆ ಗೆದ್ದ ಕಪ್ಪುಗಳ ಕಪಾಟು, ನಡುವೆ ಕೇರಂ ಬೋರ್ಡು, ಅದರ ಮೇಲೆ ತಂತಿಯಿಂದ ಇಳಿಬಿಟ್ಟ ಬಲ್ಬು. ಹೆಂಗಸರು ನಾನೂ ಶಾರದಕ್ಕನೂ ಇಬ್ಬರೇ. ಮಣ್ಣಿನ ಕಪ್ಪಿನಲ್ಲಿ ಚಹಾ ಬಂತು. ಬಾಪಿದಾ ತಲೆ ಬೋಳಾದ, ಹೊಟ್ಟೆ ಬಂದ ಹಳೆಯ ಗೋಲ್‌ಕೀಪರು. ಎಲ್ಲರ ಮಾತಿಗೂ ಎರಡೂ ಕೈ ಮುಂದೆ ಚಾಚಿಯೇ ಕೂರುತ್ತಿದ್ದ. ಮಾತೆಲ್ಲ ಬಂಗಾಳಿಯಲ್ಲೇ ನಡೆಯಿತು. ನನಗೆ ನೆನಪಿರುವಂತೆ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಮೊಳೆಯಿಂದ ಕ್ಯಾಲೆಂಡರನ್ನೇ ಇಳಿಸಿಕೊಂಡು ಹೋಗಿದ್ದೆ. ಹಳೆಯ ಆಗಸ್ಟುಗಳ ಜೆರಾಕ್ಸ್ ಪುಟಗಳೂ ಇದ್ದವು. ಈ ಆಗಸ್ಟಿನ ಮಳೆ ವಾಡಿಕೆಯದು ಎಂದು ಹೇಳಿ ಅಂಕಿಗಳನ್ನು ತೋರಿಸಿದೆ. ಮ್ಯಾನೇಜರು ಕ್ಯಾಲೆಂಡರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಅವನ ಅಂಗಿಯ ಜೇಬಿನಲ್ಲಿ ಎರಡು ಮೊಬೈಲುಗಳು.

"ಬೌದಿ, ಇದು ನಿಮ್ಮ ಗ್ಯಾಸಿನ ಲೆಕ್ಕವೋ ಮಳೆಯ ಲೆಕ್ಕವೋ?" ಎಂದ, ಅತ್ತಿಗೆಯನ್ನು ಕರೆಯುವ ಸಲಿಗೆಯಲ್ಲಿ. ನಾಲ್ಕಾರು ಜನ ನಕ್ಕರು. ಅವನು ಬೆರಳು ಒಂದು ಚೌಕದ ಮೇಲೆ ಇಟ್ಟ. "ಎಲ್ಲಕ್ಕಿಂತ ದೊಡ್ಡ ಮಳೆ ಗುರುವಾರ ಅಂತ ಬರೆದಿದ್ದೀರಿ. ಆ ಗುರುವಾರ ನಾನು ಬೆಳಿಗ್ಗೆಯಿಂದ ಸೈಟಿನಲ್ಲಿ ಸ್ಲ್ಯಾಬು ಹಾಕಿಸುತ್ತಿದ್ದೆ. ಕಣ್ಣು ಕುಕ್ಕುವ ಬಿಸಿಲು! ಪಕ್ಕದ ಬುಧವಾರದ ಚೌಕ ನೋಡಿ, ಏನೂ ಇಲ್ಲದ ಹಾಗೆ. ಪಾಡಾ ಮುಳುಗಿದ್ದು ಬುಧವಾರ, ಇವರ ಪುಸ್ತಕದಲ್ಲಿ ಬುಧವಾರ ಮಳೆಯೇ ಇಲ್ಲ! ಬಾಪಿದಾ, ಇದನ್ನು ನಂಬಿ ನಾವು ಕೆಲಸ ನಿಲ್ಲಿಸಬೇಕೆ?"

ಈ ಸಲ ಎಲ್ಲರೂ ನಕ್ಕರು. ದತ್ತಬಾಬು ಮಾತ್ರ ನನ್ನ ಬದಲು ಚಹಾದ ಕಪ್ಪು ನೋಡಿದರು. ಶಾರದಕ್ಕ ನನ್ನ ಮೊಣಕೈ ಹಿಡಿದು, "ಎಂತ ಆಯ್ತು ಅಕ್ಕ?" ಎಂದು ಪಿಸುಗುಟ್ಟಿದರು. ದಿನ ದಿನವೂ ಅಳೆದು ಅಳೆದು ನನ್ನ ದಿನ ಎಂಟೂವರೆಗೇ ಶುರುವಾಗುತ್ತಿತ್ತು. ಇವರೆಲ್ಲರ ದಿನ ಹಾಗಲ್ಲ ಎಂಬುದು ಹೊಳೆದಿರಲಿಲ್ಲ, ಅಷ್ಟೇ.

"ಬುಧವಾರ ಮಳೆ ಎಷ್ಟು ಹೊತ್ತಿಗೆ ಶುರುವಾಯಿತು ದಾದಾ?" ಎಂದು ಕೇಳಿದೆ.

"ಸಂಜೆ. ಎಲ್ಲರಿಗೂ ಗೊತ್ತು."

"ನಾನು ಅಳೆಯುವುದು ಬೆಳಿಗ್ಗೆ. ಬುಧವಾರ ಸಂಜೆ ಬಿದ್ದದ್ದು ಗುರುವಾರ ಬೆಳಿಗ್ಗೆ ನನ್ನ ಗಾಜಿಗೆ ಬರುತ್ತದೆ, ಗುರುವಾರದ ಚೌಕದಲ್ಲೇ ಕೂರುತ್ತದೆ. ಮಳೆ ಅಳೆಯುವವರೆಲ್ಲರೂ ಹೀಗೇ ಬರೆಯುತ್ತಾರೆ. ನಂಬಬೇಡಿ, ಪರೀಕ್ಷೆ ಮಾಡಿ. ಬೇರೆ ಯಾವುದಾದರೂ ನೆನೆದ ದಿನ ಹೇಳಿ."

ಬಾಪಿದಾನ ಕಣ್ಣು ಅರಳಿತು. "ನಮ್ಮ ಸೆಮಿಫೈನಲ್! ಮಧ್ಯಾಹ್ನ ಬಂದ ಮಳೆಗೆ ಅರ್ಧಕ್ಕೇ ನಿಂತಿತು. ಜುಲೈ, ಶನಿವಾರ."

ಪುಟ ಹೊರಳಿಸಿದೆ. ಭಾನುವಾರದ ಚೌಕದಲ್ಲಿ ಮಳೆ.

"ನನ್ನ ಭಾವಮೈದುನನ ಮನೆ ಪ್ರವೇಶ, ಸೋಮವಾರ!" ಯಾರೋ ಹಿಂದಿನಿಂದ ಕೂಗಿದರು. ಮಂಗಳವಾರದ ಚೌಕ. ಅದರ ಪಕ್ಕದಲ್ಲೇ ಏಕಾದಶಿ ಎಂದಿತ್ತು. ಒಬ್ಬರಾದ ಮೇಲೊಬ್ಬರು ದಿನ ಕೂಗತೊಡಗಿದರು. ಮ್ಯಾಟಿನಿಗೆ ಹೋಗಿ ತೋಯ್ದದ್ದು, ಇಲಿಷ್ ಮೀನಿನ ಚೀಲ ಹರಿದದ್ದು, ಎಲ್ಲವೂ ಒಂದು ಚೌಕ ಮುಂದೆ ಸಿಕ್ಕವು. ಈಗಲೂ ನಗುತ್ತಿದ್ದರು, ಆದರೆ ಆಟದ ನಗು. ಮ್ಯಾನೇಜರಿನ ಒಂದು ಮೊಬೈಲು ಬಡಿದುಕೊಂಡಿತು, ಅವನು ಎತ್ತಲಿಲ್ಲ.

"ದಿನ ಸರಿ ಬೌದಿ," ಎಂದ ಬಾಪಿದಾ. "ಆದರೆ ಈ ಸೊನ್ನೆ ಪಾಯಿಂಟ್ ಎಷ್ಟೋ, ಇದು ನಮಗೆ ತಿಳಿಯಬೇಕಲ್ಲ."

ಅಂಕಿ ಹೇಳಿ ಪ್ರಯೋಜನವಿಲ್ಲವೆಂದು ನನಗೂ ಕಾಣುತ್ತಿತ್ತು. ಎದುರಿಗೆ ಕೇರಂ ಬೋರ್ಡಿತ್ತು, ಕಾಯಿಗಳ ಡಬ್ಬಿಯಿತ್ತು. ಕಪ್ಪು ಒಂಬತ್ತು, ಬಿಳಿ ಒಂಬತ್ತು, ಕೆಂಪು ಒಂದು. ಕಳೆದ ಹದಿನೆಂಟು ಆಗಸ್ಟುಗಳಿಗೆ ಒಂದೊಂದು ಕಾಯಿ, ಈ ಆಗಸ್ಟಿಗೆ ಕೆಂಪು ಎಂದೆ. ಜೆರಾಕ್ಸ್ ನೋಡುತ್ತ, ಎಡಕ್ಕೆ ಒಣ ವರ್ಷಗಳು, ಬಲಕ್ಕೆ ಒದ್ದೆ ವರ್ಷಗಳು, ಪೌಡರು ಚೆಲ್ಲಿದ ಬೋರ್ಡಿನ ಮೇಲೆ ಸಾಲಾಗಿ ಜೋಡಿಸತೊಡಗಿದೆ. ಬಾಪಿದಾ ವರ್ಷದ ಹೆಸರು ಕೂಗಿದ, ಯಾರೋ ಕಾಯಿ ಎತ್ತಿಕೊಟ್ಟರು. ಎಡತುದಿಯ ಕಾಯಿ ಇಟ್ಟಾಗ ಒಬ್ಬ ಮುದುಕರು, "ಹೌದು ಹೌದು, ಆ ವರ್ಷ ಪುಕುರಿನ ತಳ ಕಂಡಿತ್ತು, ಮೀನು ಕೈಯಲ್ಲಿ ಹಿಡಿದೆವು," ಎಂದರು. ಬರವೆಂದರೆ ಅವರಿಗೆ ಅದು.

ಕೊನೆಗೆ ಕೆಂಪು ಕಾಯಿ ಇಟ್ಟೆ. ಅದು ನಡುವಿನಿಂದ ಒಂದೆರಡು ಕಾಯಿ ಬಲಕ್ಕೆ ಹೋಗಿ ಕೂತಿತು.

"ಅದು ತಿಂಗಳ ಲೆಕ್ಕ," ಎಂದ ಮ್ಯಾನೇಜರು. "ನೀರು ನುಗ್ಗಿದ್ದು ಒಂದೇ ದಿನದಲ್ಲಿ. ಆ ದಿನದ್ದು ಹೇಳಿ."

ಒಳ್ಳೆಯ ಪ್ರಶ್ನೆ ಕೇಳಿದ. ಅವನಿಗೆ ಹಾಗೆಂದೇ ಹೇಳಿದೆ. ಪ್ರತಿ ಆಗಸ್ಟಿನ ಅತಿ ದೊಡ್ಡ ಮಳೆಯ ದಿನವನ್ನು ಹಿಡಿದು ಕಾಯಿಗಳನ್ನು ಮತ್ತೆ ಜೋಡಿಸಿದೆ. ಕೆಂಪು ಇನ್ನಷ್ಟು ಬಲಕ್ಕೆ ಸರಿಯಿತು. ಸರಿಯಿತು ನೋಡಿ ಎಂದು ನಾನೇ ತೋರಿಸಿದೆ, ಮುಚ್ಚಿಡುವಂಥದ್ದಲ್ಲ ಅದು. ಆದರೂ ಅದರ ಆಚೆ ಕಾಯಿಗಳು ಉಳಿದೇ ಇದ್ದವು.

"ಇವೆಲ್ಲ ಈ ವರ್ಷಕ್ಕಿಂತ ಜೋರು ಮಳೆಯ ವರ್ಷಗಳು," ಎಂದು ಬಲತುದಿಯ ಬಿಳಿಯ ಕಾಯಿಯ ಮೇಲೆ ಬೆರಳಿಟ್ಟು ವರ್ಷ ಹೇಳಿದೆ. "ಆ ಸಲ ಭಟ್ಟರ ಜಾಗದಲ್ಲಿ ನೀರು ಬಂದಿತ್ತೆ?"

ಎಲ್ಲರೂ ದತ್ತಬಾಬುವನ್ನು ನೋಡಿದರು. ಆ ಮನೆಯಲ್ಲೇ ಹುಟ್ಟಿದವರು ಅವರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಹಾಕಿಕೊಂಡರು, ಬಗ್ಗಿ ಕಾಯಿಯನ್ನು ಹತ್ತಿರದಿಂದ ನೋಡಿದರು, ಅದರ ಮೇಲೆ ಏನೋ ಬರೆದಿದೆ ಎನ್ನುವಂತೆ.

"ಆ ಶ್ರಾವಣದಲ್ಲಿ ಬುಡಿಯ ಮದುವೆ," ಎಂದರು. ಬುಡಿ ಅವರ ಮಗಳು. "ಆಕಾಶ ಹರಿದುಬಿದ್ದ ಹಾಗೆ ಮಳೆ. ಪೆಂಡಾಲು ಕುಸಿಯಿತು. ಬೀಗರನ್ನೆಲ್ಲ ಕೆಳಗಿನ ಅಂತಸ್ತಿಗೆ ಕರೆತಂದು, ನೆಲದ ಮೇಲೆ ಸಾಲಾಗಿ ಕೂರಿಸಿ ಊಟ ಹಾಕಿದೆವು." ಬೆರಳಿನಿಂದ ಆ ಬಿಳಿಯ ಕಾಯಿಯನ್ನು ಮುಟ್ಟಿದರು. "ಒಣಗಿತ್ತು ನೆಲ. ವರನ ದೊಡ್ಡಪ್ಪ ರೇಷ್ಮೆ ಪಂಚೆ ಉಟ್ಟು ಅಲ್ಲೇ ಕೂತಿದ್ದರು."

"ನೀರೆಲ್ಲ ಎಲ್ಲಿಗೆ ಹೋಗಿತ್ತು ಕಾಕಾ?" ಬಾಪಿದಾ ಮೆಲ್ಲಗೆ ಕೇಳಿದ.

"ಎಲ್ಲಿಗೆ ಎಂದರೆ? ಪುಕುರಿಗೆ."

ಹೇಳಿದ ಮೇಲೆ ತಮ್ಮ ಮಾತು ಅವರಿಗೇ ಕೇಳಿಸಿತು. ಮ್ಯಾನೇಜರು, ಅದು ಬೇರೆ ಕಾಲ, ಈಗಿನ ಹವಾಮಾನವೇ ಬೇರೆ ಎಂದು ಶುರು ಮಾಡಿದ. ದತ್ತಬಾಬು ಅವನ ಕಡೆ ತಿರುಗಲೂ ಇಲ್ಲ. "ಬೇಲಿ ತೆಗೆಸು. ನನ್ನ ಮನೆಯ ಹಿಂದಿನ ಕಾಲುವೆ ಬಾಯಿ ಬಿಡಿಸು. ಆಮೇಲೆ ನನ್ನ ಹತ್ತಿರ ಗ್ಯಾರೇಜಿನ ಮಾತು," ಎಂದರು.

ಆಮೇಲಿನದು ಬೇಗ ಮುಗಿಯಿತು. ಬಾಪಿದಾ ಎರಡೂ ಕೈ ಚಾಚಿ ತೀರ್ಪು ಹೇಳಿದ: ಕಾಲುವೆಯ ಬಾಯಿಯ ಮೇಲಿನ ಇಟ್ಟಿಗೆಯನ್ನು ಬೆಳಿಗ್ಗೆಯಿಂದಲೇ ಎತ್ತಬೇಕು, ಕ್ಲಬ್ಬಿನ ಹುಡುಗರು ನಿಂತು ನೋಡುತ್ತಾರೆ, ಉಳಿದ ಅರ್ಧ ಪುಕುರಿಗೆ ಒಂದು ಬುಟ್ಟಿ ಮಣ್ಣು ಬಿದ್ದರೂ ಇಡೀ ಪಾಡಾ ಕಾರ್ಪೊರೇಷನ್ನಿಗೆ ಹೋಗುತ್ತದೆ. ತುಂಬಿದ ಅರ್ಧ ತುಂಬಿಯೇ ಹೋಯಿತು. ಅದನ್ನು ಮರಳಿ ಪಡೆಯುವುದು ಕ್ಲಬ್ಬಿನ ಕೈಯಲ್ಲೂ ನನ್ನ ಕೈಯಲ್ಲೂ ಇರಲಿಲ್ಲ. ಆದರೆ ನೀರಿಗೆ ದಾರಿ ಸಿಕ್ಕಿತು. ದತ್ತಬಾಬು ಎದ್ದು ಹೋಗುವಾಗ ಭಟ್ಟರ ಹೆಗಲು ಮುಟ್ಟಿ, "ಪೂಜೆಗೆ ಅಷ್ಟಮಿಯ ದಿನ ಮೇಲೆ ಊಟಕ್ಕೆ ಬನ್ನಿ, ಇಬ್ಬರೂ," ಎಂದರು. ಜಾಗ ಬಿಡುವ ಮಾತು ಹಾಗೆ ಮುಗಿಯಿತು.

ಗಲ್ಲಿಗೆ ಬಂದ ಮೇಲೆ ಭಟ್ಟರು ಇವರ ಕೈ ಹಿಡಿದು, "ಸಾರ್, ನಿಮ್ಮ ಮನೆಯವರು ಭಾರೀ ಗಟ್ಟಿ ಮಾರಾಯ್ರೆ," ಎಂದರು.

"ಗೊತ್ತದ. ನಾ ಇಪ್ಪತ್ತು ವರ್ಷದಿಂದ ನೋಡ್ಲಿಕತ್ತೇನಿ," ಎಂದರು ಇವರು. ಕ್ಯಾಲೆಂಡರನ್ನು ತಾವೇ ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದಿದ್ದರು. ನನಗೆ ಅದು ಬಹಳ ಚೆನ್ನಾಗಿ ಕಂಡಿತು.

ಮೆಟ್ಟಿಲು ಹತ್ತುವಾಗ ದೀಪ ಹಚ್ಚುವ ಹೊತ್ತು. ಮೇಲೆಲ್ಲೋ ಶಂಖದ ದನಿ. ನಡುವಿನ ಅಂತಸ್ತಿನ ಮೆಟ್ಟಿಲ ತಿರುವಿನಲ್ಲಿ, ನೀರಿನಿಂದ ಉಳಿಸಲೆಂದು ಭಟ್ಟರು ಸಾಲಾಗಿ ಪೇರಿಸಿಟ್ಟಿದ್ದ ಅಕ್ಕಿಮೂಟೆಗಳಲ್ಲಿ ಒಂದರ ಮೇಲೆ ಮಿತಾದಿ ಕೂತು, ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರು. ನನ್ನನ್ನು ಕಂಡು ಕೆಂಪು ಪೆನ್ನಿಗೆ ಟೊಪ್ಪಿ ಹಾಕಿದರು.

"ಏನಾಯಿತು ಬೌದಿ, ನಿಮ್ಮ ಭಟ್ಟಬಾಬು ಇರುತ್ತಾರೋ ಹೋಗುತ್ತಾರೋ?"

"ಇರುತ್ತಾರೆ," ಎಂದೆ.

"ಸರಿ, ಹಾಗಾದರೆ ಮೂಟೆಗಳನ್ನು ಕೆಳಗಿಳಿಸಲಿ," ಎಂದು ಮಿತಾದಿ ಮತ್ತೆ ಕಾಗದಗಳ ಕಡೆ ಬಗ್ಗಿದರು. "ಇದೊಂದನ್ನು ಮಾತ್ರ ಬಿಟ್ಟಿರಲಿ. ಚಪ್ಪಲಿ ಹಾಕಿಕೊಳ್ಳಲು ಕೂರುವುದಕ್ಕೆ ಎತ್ತರ ಸರಿಯಾಗಿದೆ."